ಸ್ಟೇರಿಂಗ್ ಬಿಟ್ಟು ಮುಗಿದ ಕೈ

ಮೇಲಿನ ಕೋಣೆಯಲ್ಲಿರುವ ಸೊಸೆಗೆ, ಕೆಳಗಿನ ಅಡುಗೆಮನೆಯಿಂದ ಅತ್ತೆ ಮಾಡುವ ಆಶೀರ್ವಾದ.

ಇವತ್ತು ನನಗೆ ಉಪವಾಸ. ಅಂಗಳ ಗುಡಿಸಿ, ದೇವರಿಗೆ ದೀಪ ಹಚ್ಚಿ, ನಿನ್ನ ಬಟ್ಟೆ ಒಣಹಾಕಿ ಈಗಷ್ಟೇ ಕೂತೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು ನಿನ್ನ ಮುಖ ನೋಡುವ ಧೈರ್ಯ ಎರಡು ದಿನದಿಂದ ಬಂದಿಲ್ಲ.

ಕಣ್ಣು ಮುಚ್ಚಿದರೆ ಅದೇ. ಮೊನ್ನೆ ನಾನು ಗಾಡಿ ಓಡಿಸುವಾಗ ಬಂದ ಆಸ್ಪತ್ರೆ ರಸ್ತೆಯ ತಿರುವು, ಟ್ಯಾಂಕರಿನ ನೀರು ಸೋರಿ ಒದ್ದೆಯಾದ ಡಾಂಬರು, ಕೈಚೀಲ ಹಿಡಿದು ಅಡ್ಡ ಬಂದ ಆ ಮುದುಕಿ. ಬ್ರೇಕ್ ಒತ್ತಿದೆ. ಪೆಡಲು ಪಾದದಡಿ ಗಡಗಡ ನಡುಗಿತು. ಮುರಿದೇ ಹೋಯಿತೆಂದು ಕಾಲು ತೆಗೆದೆ, ಕಣ್ಣು ಮುಚ್ಚಿದೆ, ಎರಡೂ ಕೈ ಎತ್ತಿ ಮುಗಿದುಬಿಟ್ಟೆ. ಎಂಟು ತಿಂಗಳ ಬಸುರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಟೇರಿಂಗ್ ಬಿಟ್ಟು, ಕೈ ಮುಗಿದೆ!

ನೀನು ಬಗ್ಗಿ ಸ್ಟೇರಿಂಗ್ ಎಳೆದೆ. ಗಾಡಿ ಮರಳಿನ ರಾಶಿಗೆ ನುಗ್ಗಿ ನಿಂತಿತು. ಮುದುಕಿಗೂ ನಮಗೂ ನಡುವೆ ಒಂದು ಮೊಳ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ನೀನು ಆಡಿದ್ದು ಒಂದೇ ಮಾತು: "ಅತ್ತೆ, ದೇವರು ಬಂದು ಬ್ರೇಕ್ ಒತ್ತಲ್ಲ."

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ನೀನು ಗಾಡಿ ಕಲಿಸಿದ ದಿನ ನೆನಪಾಯಿತು. "ಪೆಡಲು ಗಡಗಡ ಅಂದ್ರೆ ಹೆದರ್ಬೇಡಿ ಅತ್ತೆ, ಚಕ್ರ ಜಾರದ ಹಾಗೆ ಬ್ರೇಕ್ ತನ್ನ ಕೆಲಸ ಮಾಡ್ತಿರುತ್ತೆ. ಒತ್ತಿ ಹಿಡೀರಿ. ಎದುರಿಗಿರೋದನ್ನ ನೋಡ್ತಾ ಕೂರ್ಬೇಡಿ, ಜಾಗ ಇರೋ ಕಡೆ ನೋಡಿ ತಿರುಗಿಸಿ" ಎಂದಿದ್ದೆ. ಒಮ್ಮೆ ಜೋರಾಗಿ ಬ್ರೇಕ್ ಹಾಕಿ ನೋಡಿ ಎಂದು ಎಷ್ಟು ಗೋಗರೆದೆ! ನಾನೇ, "ಸಾಕು ಸುಮ್ನಿರಮ್ಮ, ಒಳ್ಳೇ ಗಾಡಿ ಹಾಳಾದೀತು" ಎಂದು ಎದ್ದು ಬಂದೆ.

ಇವತ್ತು ಬೆಳಕು ಹರಿಯುತ್ತಲೇ ನಿನ್ನ ಮಾವನನ್ನು ಕೂರಿಸಿಕೊಂಡು ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ಹೋದೆ. ಜಲ್ಲಿಯ ಮೇಲೆ ಹತ್ತು ಸಲ ಬ್ರೇಕ್ ಒತ್ತಿದೆ. "ಉಪವಾಸ ನಿಂದು, ಪ್ರಾಣ ಹೋಗೋದು ನಂದು" ಎಂದು ಅವರು ಬಾಗಿಲು ಹಿಡಿದು ಕೂತಿದ್ದರು. ಮೊದಲ ಸಲ ಪೆಡಲು ನಡುಗಿದಾಗ ಕೈ ಮತ್ತೆ ತಾನಾಗಿ ಎದ್ದಿತು. ಎಲ್ಲ ಗೊತ್ತಿದ್ದೂ ಎದ್ದಿತು! ಐವತ್ತು ವರ್ಷ ನನ್ನವೇ ಎಂದುಕೊಂಡಿದ್ದ ಕೈಗಳನ್ನು ಕಂಡು ನನಗೇ ಭಯವಾಯಿತು. ಕೊನೆಯ ನಾಲ್ಕು ಸಲ ಮಾತ್ರ ಸ್ಟೇರಿಂಗ್ ಬಿಡಲಿಲ್ಲ. ಹತ್ತರಲ್ಲಿ ನಾಲ್ಕು ಸಾಲದು, ಗೊತ್ತು.

ನಿನ್ನ ಗಂಡನಿಗೆ ಪಾಳಿ ಕೆಲಸ, ಮಾವನಿಗೆ ಕಣ್ಣು ಮಂಜು. ನೋವು ಶುರುವಾದಾಗ ನಾನೇ ಕರೆದೊಯ್ಯುತ್ತೇನೆಂದು ಜಂಬದಿಂದ ಹೇಳಿದವಳು ನಾನು. ಈಗ ನನ್ನ ಪಕ್ಕ ಕೂರು ಎಂದು ಕೇಳುವ ಮುಖವಿಲ್ಲ. ದಿನಾ ಬೆಳಿಗ್ಗೆ ಹೋಗುತ್ತೇನೆ. ಭಾನುವಾರ ನೀನು ಬಂದು ಮೈದಾನದ ಗೋಡೆಯ ಪಕ್ಕ ನಿಂತು ನನ್ನ ಕೈ ನೋಡು, ಅಷ್ಟೇ.

ಲಕೋಟೆಯಲ್ಲಿ ಗಾಡಿಯ ಕೀಲಿ ಇಟ್ಟಿದ್ದೇನೆ. ಬೇಡವೆನಿಸಿದರೆ ನಿನ್ನ ಹತ್ತಿರವೇ ಇರಲಿ, ಟ್ಯಾಕ್ಸಿಯವನಿಗೆ ಹೇಳಿಡೋಣ. ನನಗೆ ಬೇಸರವಿಲ್ಲ. ಬರುವೆಯಾದರೆ ಕೀಲಿ ವಾಪಸು ಕಳಿಸು.

ಹೊಟ್ಟೆಯಲ್ಲಿರುವ ಕೂಸೂ ನೀನೂ ನೂರು ವರ್ಷ ಬಾಳಿ. ಬೆಳಿಗ್ಗೆ ಕೈ ಮುಗಿದು ಬೇಡಿದ್ದು ಇದನ್ನೇ, ಮನೆಯಲ್ಲಿ, ದೀಪದ ಮುಂದೆ ಕೂತು.

ನೀನು ಹಾಲು ಕುಡಿದಿಟ್ಟ ಲೋಟ ಒಯ್ಯಲು ನಿನ್ನ ಮಾವ ಮೇಲೆ ಬರುತ್ತಾರೆ. ಉತ್ತರ ಅವರ ಕೈಯಲ್ಲೇ ಕೊಡು.

ನಿನ್ನ ಅತ್ತೆ