ಮೂರನೆಯ ಕೂಗಿಗೆ ಕೂರುವ ನಾಯಿ

ಸೆಪ್ಟೆಂಬರ್ ೨೪, ಗುರುವಾರ

ಬೇಟೆಯ ಜೊತೆಗಾರ ಆರ್ವಿಲ್‌ನ ಎದುರು ಇವತ್ತು ಮಾನ ಹೋಯಿತು. ಇಡೀ ನಾರ್ತ್ ಡಕೋಟದಲ್ಲೇ ಟಿಲ್ಲಿಯಂಥ ಬೇಟೆನಾಯಿಮರಿ ಇಲ್ಲವೆಂದು ಬೇಸಿಗೆಯೆಲ್ಲ ಕಾಫಿ ಅಂಗಡಿಯಲ್ಲಿ ಕೊಚ್ಚಿಕೊಂಡವನು ನಾನು. ಹುಲ್ಲುಗಾವಲಿನಲ್ಲಿ ಅವಳನ್ನು ಪರೀಕ್ಷಿಸಲು ಅವನು ಬಾತುಕೋಳಿಯ ಬದಲಿಗೆ ಬಟ್ಟೆಯ ಉರುಳೆ ಎಸೆದ. "ಕೂತ್ಕೊ" ಅಂದೆ. ಕಳಿಸುವವರೆಗೆ ಕೂರಬೇಕಾದ ಟಿಲ್ಲಿ ಅದರ ಹಿಂದೆ ಓಡಿಯೇ ಬಿಟ್ಟಳು.

"ಮಾತಿಗೆ ಕೂರದ ನಾಯಿ ನನ್ನ ದೋಣಿ ಮಗುಚಿಹಾಕತ್ತೆ ಕಣಯ್ಯ. ಶನಿವಾರ ಬೇಟೆಗೆ ನೀನೊಬ್ಬನೇ ಬಾ," ಅಂದು ಹೊರಟುಹೋದ.

ಬೇಲಿಗೆ ಒರಗಿದ್ದ ತಂಗಿಯ ಮಗಳು ಜನೆಲ್ ನಕ್ಕಳು. "ಮಾವ, ದಿನಾ 'ಕೂತ್ಕೊ, ಕೂತ್ಕೊ, ಕೂತ್ಕೊ' ಅಂತೀಯ. ಮೂರನೇದೇ ನಿಜವಾದ ಅಪ್ಪಣೆ ಅಂತ ಕಲ್ತಿದಾಳೆ. ಇವತ್ತು ಗತ್ತು ತೋರ್ಸೋಕೆ ಒಂದೇ ಸಲ ಅಂದೆ."

ಹೌದು, ಹಾಗೇ ಆದದ್ದು.

ಮಧ್ಯಾಹ್ನವೆಲ್ಲ ಜನೆಲ್ ಟಿಲ್ಲಿಯ ಹಗ್ಗ ಹಿಡಿದಳು. ನಾನು ಒಂದು ಸಲ ಹೇಳಿ ತುಟಿ ಕಚ್ಚಿಕೊಂಡು ನಿಂತೆ. ಮರಿ ಉಳಿದೆರಡು ಮಾತಿಗಾಗಿ ನನ್ನ ಬಾಯನ್ನೇ ನೋಡುತ್ತಿತ್ತು. ಹೊತ್ತಿಳಿಯುವಾಗ ಟಿಲ್ಲಿ ಒಂದೇ ಮಾತಿಗೆ ಕೂತಳು. ಉರುಳೆ ಬಿದ್ದರೂ ಕದಲಲಿಲ್ಲ. ಕಳಿಸಿದ ಮೇಲೆ ಹೋಗಿ, ತಂದು ಕೈಗೇ ಕೊಟ್ಟಳು.

ಒಂದೇ ದಿನದಲ್ಲಿ ತಿದ್ದಿದೆನೆಂದು ಆರ್ವಿಲ್‌ಗೆ ಫೋನ್ ಮಾಡಿದೆ. ಜನೆಲ್ ಹೆಸರು ಎತ್ತಲಿಲ್ಲ. "ನಾಳೆ ಕಣ್ಣಾರೆ ನೋಡಿ ಹೇಳ್ತೀನಿ," ಅಂದ.

ಊಟದ ಹೊತ್ತಿಗೆ ಇದನ್ನೆಲ್ಲ ಕೇಳಿದ ಹೆಂಡತಿ ಆರ್ಲಿಸ್, "ನಲವತ್ತು ವರ್ಷದಿಂದ ನಾನೂ ಒಂದನ್ನ ಸಾಕಿದೀನಿ. ಮೂರು ಸಲ ಕರೀದೆ ಅದೂ ಏಳಲ್ಲ," ಅಂದಳು.

ಈಗ ಮಲಗಲು ಕರೆಯುತ್ತಿದ್ದಾಳೆ. ಇದು ಎರಡನೆಯ ಕೂಗು, ಇನ್ನೂ ಹೊತ್ತಿದೆ. ಶನಿವಾರ ದೋಣಿಯಲ್ಲಿ ಟಿಲ್ಲಿಯನ್ನು ಕೂರಿಸಬೇಕಾದದ್ದು— ಅಗೋ, ಮೂರನೆಯ ಕೂಗು.