ಅಪ್ಪನ ಫೋನ್ ಕದ್ದು ಕೇಳಿದವರು

ಶೇಡಬಾಳ, ಸೋಮವಾರ

ಬೀರಣ್ಣನಿಗೆ ತಂಗಿ ರಾಮವ್ವನ ನಮಸ್ಕಾರ.

ಅಣ್ಣಾ, ಗೆದ್ದೆ ನೀನು! ಕುರಿ ಮೇಯುವ ಗಾಯರಾಣ ಉಳಿಸುವ ನಮ್ಮ ಹೋರಾಟದ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸಿದ್ದು ನೀನೆಂದು ಅಪ್ಪ ನಿನ್ನನ್ನು ಮನೆಯಿಂದ ಹೊರಗೆ ಹಾಕಿದನಲ್ಲ? ಗುಪ್ತದಳದವರು ಅಪ್ಪನ ಫೋನನ್ನೇ ಕದ್ದು ಕೇಳುತ್ತಿದ್ದರಂತೆ! ಸರ್ಕಾರದ ತನಿಖಾ ಆಯೋಗ ಇಂದು ಅಥಣಿಯಲ್ಲಿ ಎಲ್ಲರೆದುರು ಅವರು ಮುದ್ರಿಸಿಕೊಂಡಿದ್ದ ಅಪ್ಪನ ಮಾತನ್ನು ಅಪ್ಪನಿಗೇ ಕೇಳಿಸಿತು.

ಬೀರದೇವರ ಗುಡಿಯಲ್ಲಿ ನೀನು ದೇವರ ಅರಿಶಿನ, ಭಂಡಾರ ಮುಟ್ಟಿ ಆಣೆ ಮಾಡಿದರೂ ನಂಬದ ಹಿರಿಯರು, ಈಗ ಅದೇ ಭಂಡಾರವನ್ನು ನಿನ್ನ ಹಣೆಗೆ ಹಚ್ಚಲು ಕಾದಿದ್ದಾರೆ. ಸದಲಗಾದ ಡೇರಿಗೆ ರಜೆ ಹಾಕಿ ಬೇಗ ಬಾ. ನಿನ್ನ ಕಂಬಳಿ ಒಗೆದು ಒಣಹಾಕಿದ್ದೇನೆ.

ನಿನಗೆ ಫೋನ್ ಹಚ್ಚಿ ಅಪ್ಪನ ಕೈಗೆ ಕೊಡಹೋದೆ. "ಬ್ಯಾಡವ್ವಾ, ನಾ ಅಳೂದನ್ನೂ ಅವರು ಕೇಳ್ತಾರ" ಅಂದ.

ನೀನೇ ಬಂದು ಕೇಳು.

ನಿನ್ನ ದಾರಿ ನೋಡುತ್ತಿರುವ,
ರಾಮವ್ವ