ಮಹಾರಾಜರ ಪ್ರತಿಮೆಗೆ ಒಂದು ಸುತ್ತು

ಯಲಹಂಕ ಉಪನಗರ
೮ ಜನವರಿ ೨೦೨೫

ಮುದ್ದಿನ ತಮ್ಮ ಮುಬೀನ್‌ಗೆ ನಿನ್ನ ಆಪಾಳ ಸಲಾಂ.

ಹೇಗಿದ್ದೀಯೋ? ಬೆಳಗಾವಿಯ ಚಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿದೆ ಅಂತ ಗಜಾಲಾ ಹೇಳಿದಳು. ಹೆಂಡತಿ ಕೊಟ್ಟ ಕಷಾಯ ಕುಡಿ, ಕಿಟಕಿಯಿಂದ ಆಚೆ ಚೆಲ್ಲಬೇಡ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ? ಫೋನಿರುವಾಗ ಇದೇನು ಕಾಗದ ಅಂತ ನಗಲೂ ಬೇಡ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ನೀನು ಹತ್ತು ಆಡುತ್ತೀಯ, ಮೇಲಾಗಿ ಅಬ್ಬಾ ಕೇಳಿಸಿಕೊಳ್ಳುತ್ತಾರೆ. ಅವರಿಗೆ ಓದಲು ಬರುವುದು ಉರ್ದು ಮಾತ್ರ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರ ಬೆನ್ನ ಹಿಂದೆಯೇ ಕೂತು. ಬೆನ್ನ ಹಿಂದೆ ಯಾಕೆ ಅನ್ನುವುದನ್ನು ಹೇಳುತ್ತೇನೆ, ತಾಳು.

ನೀನು ಬೇಡವೆಂದರೂ ಹೋದ ವಾರ ಅಬ್ಬಾರನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಸಿಟ್ಟು ಬಂದರೆ ಬರಲಿ. ಅವರ ಕುದುರೆ ರಾಣಿಯನ್ನು ಮಾರಿದ್ದು ಗೊತ್ತಾದರೆ ಅವರ ಎದೆ ಒಡೆಯುತ್ತದೆ ಅಂತ ನೀನು ಹೆದರಿಸಿದ್ದೆಯಲ್ಲ, ಅದಕ್ಕೇ ಕುದುರೆ ಲಾಯದ ಕಡೆ ಸುಳಿಯಲೂ ಇಲ್ಲ. ಅವರಿಗೆ ಲಕ್ವಾ ಹೊಡೆದು ಐದು ತಿಂಗಳಾಯಿತು. ಕಾಲು ಸುಧಾರಿಸಿತು, ಮಾತು ಮಾತ್ರ ಬರಲಿಲ್ಲ. ಮಾತು ಕಲಿಸುವ ಹುಡುಗಿ ಸಹಕಾರನಗರದಿಂದ ವಾರಕ್ಕೆರಡು ಸಲ ಬಂದು, ಎದುರಿಗೆ ಕುರ್ಚಿ ಎಳೆದುಕೊಂಡು, ಚಿತ್ರದ ಕಾರ್ಡು ಹಿಡಿದು 'ತಾತಾ, ಇದೇನು ಹೇಳಿ' ಅನ್ನುತ್ತಾಳೆ. ಛತ್ರಿ, ಬೀಗ, ಬಾಳೆಹಣ್ಣು. ಅಬ್ಬಾ ತುಟಿ ಬಿಗಿದು ನೆಲ ನೋಡುತ್ತಾರೆ. ನಲವತ್ತು ವರ್ಷ ಜಟಕಾ ಓಡಿಸುತ್ತ, ಊರಿಗೆ ಬಂದವರಿಗೆಲ್ಲ ಮೈಸೂರು ತೋರಿಸಿದ ಬಾಯಿ ಅದು. 'ಇನ್ನು ಇಷ್ಟೇ ಆಪಾ, ಒಪ್ಪಿಕೋ' ಅಂದೆಯಲ್ಲ, ಅವತ್ತು ನನಗೆ ಅನ್ನ ಸೇರಲಿಲ್ಲ. ಒಪ್ಪಿಕೊಳ್ಳುವ ಪೈಕಿ ನಾನಲ್ಲ ಕಣೋ.

ಚಾಮರಾಜ ವೃತ್ತದಲ್ಲಿ ಇಳಿದು, ಮಂಟಪದೊಳಗಿನ ಬಿಳಿ ಪ್ರತಿಮೆಯ ಎದುರು ಅವರನ್ನು ನಿಲ್ಲಿಸಿದೆ. ನೆನಪಿದೆಯಾ, ದಿನದ ಮೊದಲ ಸುತ್ತನ್ನು ಗಿರಾಕಿಯಿಲ್ಲದೆ ಮಹಾರಾಜರ ಸುತ್ತಲೇ ಹಾಕಿ, ಸಲಾಂ ಮಾಡಿ, ಆಮೇಲೆ ಸ್ಟ್ಯಾಂಡಿಗೆ ಹೋಗುತ್ತಿದ್ದರು? ಶಾಲೆಗೆ ಬಿಡುವ ನೆಪದಲ್ಲಿ ನಾವಿಬ್ಬರೂ ಹಿಂದೆ ಕೂತಿರುತ್ತಿದ್ದೆವು. 'ಅಬ್ಬಾ, ಇವರು ಯಾರು?' ಅಂತ ಕೇಳಿದೆ, ಆ ಹುಡುಗಿಯ ಹಾಗೇ ಮುಖಕ್ಕೆ ಮುಖ ಕೊಟ್ಟು. ಅವರ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಮಾತು ಬರಲಿಲ್ಲ. ಜನ ನೋಡುತ್ತಿದ್ದಾರೆ ಅನ್ನುವುದನ್ನೂ ಮರೆತು ನಾನು ಅತ್ತುಬಿಟ್ಟೆ.

ಅಷ್ಟರಲ್ಲಿ ಅಬ್ಬಾರ ಹಳೇ ಜೊತೆಗಾರ ಆನಂದಪ್ಪನವರು ನಮ್ಮನ್ನು ಗುರುತಿಸಿ ಜಟಕಾ ತಂದು ನಿಲ್ಲಿಸಿದರು. ಹಿಂದೆ ಹತ್ತಿಸಲು ಹೋದರೆ ಅಬ್ಬಾ ನನ್ನ ಕೈ ಕೊಡವಿ ಮುಂದಕ್ಕೇ ಹತ್ತಿದರು. ಆನಂದಪ್ಪನವರು ಪಕ್ಕಕ್ಕೆ ಸರಿದು, ಲಗಾಮಿನ ತುದಿಯನ್ನು ಅವರ ಕೈಗೂ ಕೊಟ್ಟರು. ನಾನು ಹಿಂದೆ ಕೂತೆ. ಕುದುರೆ ನಾಲ್ಕು ಹೆಜ್ಜೆ ಹಾಕಿತಷ್ಟೆ, ನಾನಿನ್ನೂ ಏನೂ ಕೇಳಿರಲಿಲ್ಲ ಮುಬೀನ್, 'ಬಲಕ್ಕೆ... ಮಹಾರಾಜರು' ಅಂದರು ಅಬ್ಬಾ. ತೊದಲುತ್ತ, ಮುಂದೆ ನೋಡುತ್ತಲೇ. 'ಎಡಕ್ಕೆ ಅರಮನೆ. ಎಡಕ್ಕೆ ದೊಡ್ಡ ಗಡಿಯಾರ.' ನಾನು ಊರಿಗೆ ಹೊಸಬಳ ಹಾಗೆ, ಆ ಕಟ್ಟಡ ಯಾವುದು ಅಂತ ಕೇಳಿದೆ. 'ಪುರಭವನ, ಅಮ್ಮಾ' ಅಂದರು. ಇಳಿಯುವಾಗ ಆನಂದಪ್ಪನವರು ಹೇಳಿದರು: 'ನಿಮ್ಮಪ್ಪ ಎದುರು ಕೂತು ಯಾವತ್ತಮ್ಮಾ ಮಾತಾಡಿದ್ದು? ಗಿರಾಕಿಗೆ ಬೆನ್ನು ಕೊಟ್ಟೇ ತಾನೇ ಊರೆಲ್ಲ ತೋರಿಸಿದ್ದು.' ನಾನೆಂಥ ಪೆದ್ದಿಯೋ, ಐದು ತಿಂಗಳು ಅವರನ್ನು ಎದುರಿಗೆ ಕೂರಿಸಿಕೊಂಡು ಗೋಳು ಹುಯ್ದುಕೊಂಡೆ.

ಈಗ ಬಾಲ್ಕನಿಯಲ್ಲಿ ಅವರ ಕುರ್ಚಿ ರಸ್ತೆಗೆ ಮುಖ ಮಾಡಿದೆ, ನಮ್ಮೆಲ್ಲರದೂ ಅದರ ಹಿಂದೆ. ವಾಯುಪಡೆಯ ವಿಮಾನ ಹಾರಿದರೆ 'ಮೇಲೆ ವಿಮಾನ' ಅನ್ನುತ್ತಾರೆ. ಮಾತು ಕಲಿಸುವ ಹುಡುಗಿಯೂ ಹಿಂದಿನಿಂದಲೇ ಅವರ ಭುಜದ ಮೇಲೆ ಕಾರ್ಡು ಚಾಚುತ್ತಾಳೆ. ನಿನ್ನೆ ಛತ್ರಿ, ಬೀಗ ಎರಡೂ ಸರಿಯಾಗಿ ಬಂದವು. ಬಾಳೆಹಣ್ಣಿಗೆ ಇನ್ನೂ ಸೇಬು ಅನ್ನುತ್ತಾರೆ, ಅನ್ನಲಿ. ಪೂರ್ತಿ ಮಾತು ಬರುವವರೆಗೂ ನಾನು ಬಿಡುವುದಿಲ್ಲ.

ಗಜಾಲಾಗೆ ನನ್ನ ದುವಾ, ಪುಟ್ಟ ಲೈಬಾಳ ಎರಡೂ ಕೆನ್ನೆಗೆ ಮುತ್ತು. ಅಲ್ಲಾಹ್ ನಿಮ್ಮನ್ನು ನೆಮ್ಮದಿಯಾಗಿ ಇಟ್ಟಿರಲಿ.

ನಿನ್ನ ಹಠಮಾರಿ ಆಪಾ,
ತಾಹೆರಾ

ಮರೆಯುವ ಮುನ್ನ: ಕಾಗದ ಮಡಚುತ್ತಿದ್ದೆ, ಅಬ್ಬಾ ತಿರುಗದೆಯೇ ಕೇಳಿದರು, 'ಬೇಟಿ, ರಾಣಿ ಎಲ್ಲಿ?' ಐದು ತಿಂಗಳಲ್ಲಿ ಅವರಾಗಿ ಕೇಳಿದ ಮೊದಲ ಪ್ರಶ್ನೆ ಕಣೋ. ಮುಬೀನ್ ಬಂದು ಹೇಳುತ್ತಾನೆ ಅಂದೆ. ಅವರು ಆಸ್ಪತ್ರೆಯಲ್ಲಿದ್ದಾಗ ಒಂದು ಮಾತೂ ಕೇಳದೆ ಮಾರಿದವನು ನೀನು. ನಾನು ಸುಳ್ಳು ಹೇಳುವುದಿಲ್ಲ, ನಿನ್ನ ಬದಲು ನಿಜವನ್ನೂ ಹೇಳುವುದಿಲ್ಲ. ಹತ್ತೊಂಬತ್ತನೇ ತಾರೀಕು ಭಾನುವಾರ, ಬಾ. ಅವರ ಮುಖ ನೋಡಲು ಧೈರ್ಯ ಸಾಲದಿದ್ದರೂ ಚಿಂತೆಯಿಲ್ಲ, ನಿನ್ನ ಕುರ್ಚಿಯನ್ನು ಹಿಂದೆಯೇ ಹಾಕಿರುತ್ತೇನೆ.